ನಮ್ಮ ಹಳ್ಳಕ್ಕೆ ಬಂದ ಕಾರಿಡಾರ್

ಆಗ ನನಗೆ ಅರವತ್ತೆಂಟು. ಅದು ಆಧಾರ್ ಕಾರ್ಡ್ ಹೇಳೋ ವಯಸ್ಸು. ನಮ್ಮವ್ವ ಬದುಕಿದ್ದಿದ್ದರೆ ಇನ್ನೊಂದೆರಡು ಸೇರಿಸುತ್ತಿದ್ದಳೋ ಏನೋ. ಇದೆಲ್ಲ ನಡೆದು ನಾಲ್ಕು ವರ್ಷ ಆಯ್ತು. ನಾನು ಓದಿದ್ದು ಮೂರನೇ ಕ್ಲಾಸು, ಚೆಂದ ಮಾಡಿ ಬರೆಯೋಕೆ ಬರಲ್ಲ. ನಡೆದದ್ದು ನಡೆದಂಗೆ ಬರೀತೀನಿ.

ನಮ್ಮೂರು ಎಲೆಕ್ಟ್ರಾನಿಕ್ ಸಿಟಿ ಹಿಂದೆ. ಮುಂದಿನಿಂದ ನೋಡಿದರೆ ಊರೇ ಅಲ್ಲ, ಬರೀ ಬಾಡಿಗೆ ಮನೆ, ಬಿರಿಯಾನಿ ಅಂಗಡಿ, ಕಂಪನಿ ಕ್ಯಾಬು. ಹಿಂದಕ್ಕೆ ಬಂದರೆ ಒಂದು ಹಳ್ಳ ಇದೆ. ಕಾಡಿನ ಕಡೆಯಿಂದ ಇಳಿದು ನಮ್ಮ ಕೆರೆಗೆ ಸೇರುತ್ತೆ. ಮಳೆ ಬಂದರೆ ನೀರು, ಇಲ್ಲದಿದ್ದರೆ ಮರಳು, ಪ್ಲಾಸ್ಟಿಕ್ಕು. ಎರಡು ದಡದಲ್ಲೂ ಹೊಂಗೆ ಮರ, ಜಾಲಿ, ಪೊದೆ. ಆ ದಡದ ಮೇಲೆ ನನ್ನ ಮನೆ. ಒಂದು ರೂಮು, ಶೀಟಿನ ಸೂರು, ಹೊರಗೆ ಬಚ್ಚಲು, ಪಕ್ಕದಲ್ಲಿ ಕೋಳಿ ಗೂಡು.

ನನಗೆ ಮಕ್ಕಳಾಗಲಿಲ್ಲ. ಭಾಗ ಆದಾಗ ರಸ್ತೆ ಕಡೆ ಜಮೀನು ನಮ್ಮ ಭಾವನಿಗೆ ಹೋಯ್ತು, ಹಳ್ಳದ ಕಡೆ ತುಂಡು ನನ್ನ ಗಂಡನಿಗೆ ಬಂತು. ಆವಾಗ ಎರಡರಲ್ಲೂ ರಾಗಿನೇ ಬೆಳೀತಿದ್ದದ್ದು, ಯಾರಿಗೂ ಏನೂ ಅನಿಸಲಿಲ್ಲ. ಆಮೇಲೆ ರಸ್ತೆ ಕಡೆ ಜಮೀನಿನಲ್ಲಿ ಭಾವನ ಮಗ ಮೂರಂತಸ್ತು ಎಬ್ಬಿಸಿ ಕಂಪನಿ ಹುಡುಗರಿಗೆ ಬಾಡಿಗೆಗೆ ಕೊಟ್ಟ. ಹಳ್ಳದ ಕಡೆ ತುಂಡಿನಲ್ಲಿ ನಾನು ಉಳಿದೆ. ಗಂಡ ಸತ್ತು ಆಗಲೇ ಆರು ವರ್ಷ.

ಭಾವನ ಮಗ ಕೆಟ್ಟವನಲ್ಲ. ಅವನ ಹೆಂಡತಿ ದಿನಾ ಸಂಜೆ ಸಾರಿನ ಡಬ್ಬಿ ತಂದು ಕಾಂಪೌಂಡ್ ಗೋಡೆ ಮೇಲೆ ಇಟ್ಟು, "ಅತ್ತೇ, ಡಬ್ಬಿ" ಅಂತ ಕೂಗಿ ಹೋಗೋಳು. ನಾನು ಸೆರಗು ಸರಿ ಮಾಡ್ಕೊಂಡು ಹೊರಗೆ ಬರೋ ಹೊತ್ತಿಗೆ ಗೋಡೆ ಮೇಲೆ ಡಬ್ಬಿ ಒಂದೇ ಇರೋದು. ಡಬ್ಬಿ ಬರೋದು, ಜನ ಬರ್ತಿರಲಿಲ್ಲ. ಟೀವಿ ಇತ್ತು. ಟೀವಿ ಮಾತಾಡುತ್ತೆ, ನಮ್ಮ ಮಾತು ಕೇಳಲ್ಲ. ಒಂದೊಂದು ದಿನ ಸಾಯಂಕಾಲ ಕೋಳಿ ಕರೆಯೋಕೆ ಬಾಯಿ ಬಿಟ್ಟರೆ ಗಂಟಲು ಕಟ್ಟಿರೋದು, ಬೆಳಗಿಂದ ಒಂದು ಮಾತೂ ಆಡಿರದೆ.

ಹಳ್ಳದಲ್ಲಿ ಮಾತ್ರ ಓಡಾಟ ಇತ್ತು. ದೀಪ ಹಚ್ಚೋ ಹೊತ್ತಿಗೆ ನರಿಗಳು ಮೇಲಿಂದ ಇಳಿದು ಕೆರೆ ಕಡೆ ಹೋಗೋವು. ಬೆಳಕು ಹರಿಯೋ ಮುಂಚೆ ವಾಪಸ್ಸು. ಒಂದರ ಹಿಂದೆ ಒಂದು, ಶಿಫ್ಟ್ ಬಿಟ್ಟ ಗಾರ್ಮೆಂಟ್ಸ್ ಹೆಂಗಸರ ಥರ, ಆ ಕಡೆ ಈ ಕಡೆ ನೋಡದೆ. ಮುಂಗುಸಿ ಬರೋದು, ಉಡ ಬರೋದು, ಒಂದು ಸಲ ಮುಳ್ಳುಹಂದಿ ಬಂದಿತ್ತು. ನನಗೇನೂ ಅವುಗಳ ಮೇಲೆ ಪ್ರೀತಿ ಇಲ್ಲ. ನರಿ ಮುಖ ನೋಡಿ ಎದ್ದರೆ ಅದೃಷ್ಟ ಅಂತಾರೆ. ನಾನು ವರ್ಷಗಟ್ಟಲೆ ನೋಡಿ ಎದ್ದಿದೀನಿ. ನನಗೆ ಸಿಕ್ಕಿದ್ದು ಕೋಳಿ ಪುಕ್ಕ.

ಒಂದು ದಿನ ಭಾವನ ಮಗ ಹಿಂದಕ್ಕೆ ಬಂದ. ಅವನೇ ಖುದ್ದಾಗಿ ಬಂದ ಅಂದರೆ ಏನೋ ಇದೆ ಅಂತ. ಕೈಯಲ್ಲಿ ಸ್ವೀಟ್ ಬಾಕ್ಸು.

"ಚಿಕ್ಕವ್ವ, ಬಾಯಿ ಸಿಹಿ ಮಾಡ್ಕೊ. ನಮ್ಮ ಹಳ್ಳದ ಮೇಲೆ ಕಾರಿಡಾರ್ ಬರ್ತಾ ಐತೆ!"

"ಅಂಗಂದ್ರೆ?"

"ಪಂಚಾಯ್ತಿ ಆಫೀಸಿನ ಗೋಡೆಗೆ ನೋಟೀಸ್ ಅಂಟಿಸವ್ರೆ. ಊರಿನ ಹೊಸ ಪ್ಲಾನ್ ಮಾಡ್ತಾವ್ರಂತೆ. ಕೆರೆಯಿಂದ ಕಾಡಿನ ಗಡಿ ತನಕ ಕಾರಿಡಾರ್. ಮುಂದಿನ ವಾರ ಮೀಟಿಂಗು."

"ರೋಡಾ?"

"ಇನ್ನೇನು ಮತ್ತೆ? ಆ ಕಡೆ ಐಟಿ ಕಾರಿಡಾರ್ ಬಂದಾಗ ಅಲ್ಲಿಯೋರು ಎಂಥ ಸಾವ್ಕಾರ್ರಾದ್ರು ನೋಡಿದೀಯಲ್ಲ. ನಾವು ಹಿಂದೆ ಬಿದ್ದಿದ್ವಿ, ಈಗ ನಮ್ಮ ಹಿಂದೇನೇ ಮುಂದೆ ಆಯ್ತದೆ!"

ಅವನದು ತಪ್ಪಿಲ್ಲ. ನಮ್ಮ ಕಡೆ ಆ ಮಾತು ಬಂದಾಗಲೆಲ್ಲ ರೋಡೇ ಬಂದದ್ದು. ಐಟಿ ಕಾರಿಡಾರ್ ರೋಡು, ಮೆಟ್ರೋ ಕಾರಿಡಾರ್ ರೈಲು. ನೋಟೀಸಿನಲ್ಲಿ ಆ ಮಾತಿಗೆ ಮುಂಚೆ ಇನ್ನೊಂದು ಮಾತಿತ್ತು. ಅದನ್ನ ಊರಿನಲ್ಲಿ ಯಾರೂ ಓದಲಿಲ್ಲ. ಕಾರಿಡಾರ್ ಅಂತ ಕಂಡ ತಕ್ಷಣ ಎಲ್ಲರೂ ಟೇಪು ಹಿಡ್ಕೊಂಡು ಹಳ್ಳಕ್ಕೆ ಇಳಿದರು.

ಅವನು ನನ್ನ ತುಂಡನ್ನೂ ಅಳೆದ. ಅಲ್ಲಿ ಪಿ.ಜಿ. ಕಟ್ಟೋದು ಅಂತ ಮಾತಾಯ್ತು. ನಾಲ್ಕಂತಸ್ತು, ಹೆಣ್ಣುಮಕ್ಕಳ ಪಿ.ಜಿ.

"ನನ್ನ ಎಲ್ಲಿಗೆ ಹಾಕ್ತೀಯ?" ಅಂದೆ.

"ನೋಡು, ನೀನು ಇಂಗೇ ಮಾತಾಡ್ತೀಯ. ಕೆಳಗಡೆ ಮೊದಲನೇ ರೂಮು ನಿಂದೇ. ಬಚ್ಚಲು ಒಳಗೇ. ಬಾಗಿಲು ತೆಗೆದ್ರೆ ಕಾರಿಡಾರು. ಅಷ್ಟೂ ಹುಡುಗೀರು ನಿನ್ನ ಮುಂದೇನೇ ಓಡಾಡ್ಬೇಕು. ವಾಚ್‌ಮನ್ನೇ ಬೇಕಾಗಿಲ್ಲ ನಂಗೆ."

ನನಗೆ ಆಸೆ ಹತ್ತಿತು. ಜಮೀನು ಹೋದರೆ ಹೋಗಲಿ, ಹೊಂಗೆ ಮರ ಹೋದರೆ ಹೋಗಲಿ, ಆ ರೂಮು ಬೇಕು ಅನಿಸಿತು.

ಯಾಕೆ ಅಂತ ಹೇಳ್ತೀನಿ. ನನ್ನ ಗಂಡನನ್ನ ಕಡೇ ಸಲ ಆಸ್ಪತ್ರೆಗೆ ಸೇರಿಸಿದಾಗ ನನ್ನನ್ನ ಒಳಗೆ ಬಿಡಲಿಲ್ಲ. ಹೊರಗೆ ಉದ್ದಕ್ಕೆ ಒಂದು ಓಣಿ, ಎರಡು ಕಡೆ ಬಾಗಿಲು, ಗೋಡೆಗೆ ಬೆಂಚು. ಅದನ್ನ ಕಾರಿಡಾರ್ ಅಂತಾರೆ ಅಂತ ನರ್ಸಮ್ಮ ಹೇಳಿದಳು: "ಅಜ್ಜಿ, ಕಾರಿಡಾರಲ್ಲಿ ಕೂತ್ಕೊಳ್ಳಿ." ಎಷ್ಟೋ ದಿನ ಅಲ್ಲೇ ಕೂತೆ, ಅಲ್ಲೇ ಮಲಗಿದೆ. ಚಿಂತಾಮಣಿಯವಳು ಒಬ್ಬಳು ಚಿತ್ರಾನ್ನ ಕೊಟ್ಟಳು. ತಮಿಳಿನವಳು ಒಬ್ಬಳು ನನ್ನ ತಲೆ ಬಾಚಿದಳು. ಬಂದೋರು ಹೋದೋರೆಲ್ಲ, "ನಿಮ್ಮೋರು ಹೆಂಗವ್ರೆ" ಅಂತ ಕೇಳೋರು. ಗಂಡ ಒಳಗೆ ಸಾಯ್ತಾ ಇದ್ದ. ಅದು ದುಃಖವೇ. ಆದರೂ ಆ ಬೆಂಚಿನ ಮೇಲೆ ನಾನು ಒಂಟಿ ಇರಲಿಲ್ಲ. ಮನೆಗೆ ಬಂದ ಮೇಲೇ ಒಂಟಿ ಆದದ್ದು. ಇದನ್ನ ಯಾರ ಮುಂದೂ ಹೇಳಿರಲಿಲ್ಲ, ಹೇಳಿದರೆ ಗಂಡ ಸತ್ತದ್ದು ಚೆನ್ನಾಗಿತ್ತಾ ಅಂತ ಕೇಳ್ತಾರೆ.

ಹಂಗಾಗಿ ಆ ರೂಮು. ಗೃಹಪ್ರವೇಶಕ್ಕೆ ಅಂತ ಟ್ರಂಕಿನಿಂದ ಹಸಿರು ಸೀರೆ ತೆಗೆದು, ಒಗೆದು, ಮಡಿಸಿ ಇಟ್ಟೆ. ಇನ್ನೂ ಪಾಯ ತೋಡಿರಲಿಲ್ಲ.

ಮೀಟಿಂಗು ಸಮುದಾಯ ಭವನದಲ್ಲಿ. ಹೋಗೋ ಮುಂಚೆ ಭಾವನ ಮಗ ಹೇಳಿಕೊಟ್ಟ: "ಹಳ್ಳದ ದಡದಲ್ಲಿ ಮನೆ ಇರೋದು ನಿಂದೊಂದೇ. ನಿನ್ನ ಕೇಳ್ಬೋದು. ಏನು ಕೇಳಿದ್ರೂ ಹೂಂ ಅನ್ನು. ಜಾಸ್ತಿ ಮಾತಾಡ್ಬೇಡ."

"ನಾನು ಯಾವಾಗ ಕಣೋ ಜಾಸ್ತಿ ಮಾತಾಡಿದ್ದು?"

"ಅದೂ ಸರಿ. ಅಂಗೇ ಇರು."

ಊರವರು ಹಾರ, ಹಣ್ಣಿನ ಬುಟ್ಟಿ ತಂದಿದ್ದರು. ಪ್ಲಾನ್ ಆಫೀಸಿನಿಂದ ಒಬ್ಬ ಮೇಡಂ ಬಂದಿದ್ದರು, ಇನ್ನೂ ಚಿಕ್ಕ ವಯಸ್ಸು, ಜೊತೆಗೆ ಇಬ್ಬರು. ಗೋಡೆಗೆ ದೊಡ್ಡ ನಕ್ಷೆ ಹಾಕಿದರು. ನಮ್ಮ ಕೆರೆ ನೀಲಿ, ಕಾಡು ಕಡು ಹಸಿರು. ಮಧ್ಯೆ ಹಳ್ಳದ ಉದ್ದಕ್ಕೂ ತೆಳು ಹಸಿರು ಪಟ್ಟೆ, ಸೀರೆ ಅಂಚಿನ ಥರ.

ಮೇಡಂಗೆ ಹಾರ ಹಾಕಿ ಒಬ್ಬರು ಕೇಳಿದರು: "ಎಷ್ಟು ಅಡಿ ರೋಡು ಮೇಡಂ?"

"ಯಾವ ರೋಡು?"

"ಅದೇ, ಕಾರಿಡಾರು."

ಮೇಡಂ ಜೊತೆಯವರ ಮುಖ ನೋಡಿದರು. ಆಮೇಲೆ ಹಾರ ತೆಗೆದು ಮೇಜಿನ ಮೇಲಿಟ್ಟರು. "ರೋಡಲ್ಲ. ವನ್ಯಜೀವಿ ಕಾರಿಡಾರ್. ಕಾಡು ಪ್ರಾಣಿಗಳು ಓಡಾಡೋ ದಾರಿ."

ಹಿಂದಿನ ಸಾಲಿನಿಂದ ಒಬ್ಬ ಮುದುಕ, "ನರಿಗೆ ಟೋಲ್ ಎಷ್ಟು ಮೇಡಂ?" ಅಂದ. ಭವನ ಹಾರಿಹೋಗೋ ಹಂಗೆ ನಕ್ಕರು. "ಫಾಸ್ಟ್ಯಾಗ್ ಕತ್ತಿಗೆ ಕಟ್ಟಬೇಕಾ, ಬಾಲಕ್ಕಾ?" ಅಂತ ಇನ್ನೊಬ್ಬ. ನಗು ನಿಂತ ಮೇಲೆ ಕೋಪ ಶುರುವಾಯ್ತು. ಹಣ್ಣಿನ ಬುಟ್ಟಿ ತಂದಿದ್ದವರು ಅದನ್ನ ಮೆಲ್ಲಗೆ ಕುರ್ಚಿ ಕೆಳಗೆ ಸರಿಸಿಕೊಂಡರು.

ಮೇಡಂ ಬಿಡದೆ ಹೇಳಿದರು. ನನಗೆ ಅರ್ಥ ಆದಷ್ಟು ಹೇಳ್ತೀನಿ. ಹಳ್ಳ ಸರ್ವೆಯಲ್ಲಿ ಖರಾಬು ಜಮೀನಂತೆ. ಖರಾಬು ಅಂದರೆ ಕೆಟ್ಟದ್ದು ಅಂತ ನಾವು ತಿಳಿದಿದ್ದೆವು. ಅಲ್ಲವಂತೆ. ಉಳುಮೆಗೆ ಬಾರದ್ದು, ದಾರಿ, ಹಳ್ಳ, ಇಂಥದ್ದಕ್ಕೆ ಅಂತ ಬಿಟ್ಟಿರೋದು, ಯಾರೂ ಮಾರಂಗಿಲ್ಲ. ಅದರ ಎರಡು ಪಕ್ಕದಲ್ಲೂ ಇಷ್ಟು ಅಂತ ಜಾಗ ಬಿಟ್ಟು ನಕ್ಷೆಯಲ್ಲಿ ಹಸಿರು ಬಳಿಯೋದು. ಹಸಿರಿನ ಒಳಗೆ ಹೊಸ ಮನೆಗೆ ಲೈಸೆನ್ಸ್ ಇಲ್ಲ. ಇರೋ ಮನೆ ಇರಬಹುದು, ಅಂತಸ್ತು ಏರಿಸಂಗಿಲ್ಲ. ಅಂಚಿನಲ್ಲಿ ಕಾಂಪೌಂಡ್ ಹಾಕೋರು ಕೆಳಗೆ ಸಂದು ಬಿಡಬೇಕು. ದೊಡ್ಡ ಲೈಟು ಹಳ್ಳದ ಕಡೆ ತಿರುಗಿಸಂಗಿಲ್ಲ. ಹಳ್ಳ ರಸ್ತೆ ದಾಟೋ ಕಡೆ ಪೈಪ್ ಹಾಕಿ ಮುಗಿಸದೆ, ಪ್ರಾಣಿ ನುಗ್ಗೋ ಅಷ್ಟು ಎತ್ತರದ ಮೋರಿ ಕಟ್ಟಬೇಕು. ಲೇಔಟ್ ಮಾಡೋರು ಪಾರ್ಕಿಗೆ ಅಂತ ಬಿಡೋ ಜಾಗವನ್ನ ಎಲ್ಲೋ ಮೂಲೆಗೆ ಬಿಸಾಕದೆ ಹಳ್ಳಕ್ಕೆ ಅಂಟಿಸಿ ಬಿಡಬೇಕು.

"ಕಾಡು ಇದೆ, ಕೆರೆ ಇದೆ. ನಡುವೆ ಒಂದೇ ಒಂದು ಗೋಡೆ ಬಂದರೂ ಎರಡೂ ಬೇರೆ ಬೇರೆ ಆಗಿಬಿಡ್ತವೆ" ಅಂದರು.

ಆಗ ಒಂದು ಮಾತು ಬಂತು. ಈ ಪಟ್ಟೆ ಇನ್ನೂ ಗಟ್ಟಿಯಲ್ಲ, ಕರಡು. ಪ್ರಾಣಿಗಳ ಓಡಾಟ ಆಗಲೇ ನಿಂತುಹೋಗಿದ್ದರೆ ನಮ್ಮೂರಿನ ತುಂಡನ್ನ ಪಟ್ಟೆಯಿಂದ ಕೈಬಿಡಬಹುದು. ಅದನ್ನ ಕೇಳೋಕೇ ಮೀಟಿಂಗು.

ಭಾವನ ಮಗ ತಕ್ಷಣ ಎದ್ದ. "ಒಂದು ನರೀನೂ ಇಲ್ಲ ಮೇಡಂ. ಎಲ್ಲಾ ನಮ್ಮಪ್ಪನ ಕಾಲಕ್ಕೇ ಹೋದ್ವು. ನಮ್ಮ ಚಿಕ್ಕವ್ವ ಅಲ್ಲೇ ಇರೋದು, ಬೇಕಾದ್ರೆ ಕೇಳಿ." ನನ್ನ ಕಡೆ ತಿರುಗಿ ಕಣ್ಣು ಅಗಲಿಸಿದ. ಅವನ ಕಣ್ಣು ಏನು ಹೇಳ್ತು ಅಂತ ನನಗೆ ಅರ್ಥ ಆಯ್ತು. ಇಲ್ಲ ಅಂದರೆ ರೂಮು. ಹೌದು ಅಂದರೆ ಶೀಟಿನ ಮನೆ, ಸಾಯೋ ತನಕ.

ಮೇಡಂ ಅಲ್ಲಿಂದಲೇ ಕೂಗಿ ಕೇಳಿದ್ದರೆ ಇಲ್ಲ ಅಂತಿದ್ದೆನೇನೋ. ಅವರು ಇಳಿದು ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಮೊಣಕಾಲಿಗೆ ಮೊಣಕಾಲು ತಾಗೋ ಹಂಗೆ.

"ಅಜ್ಜಿ, ನರಿ ಬರ್ತವಾ?"

"ಹೂಂ" ಅಂದೆ.

ಭಾವನ ಮಗ ಹಣೆ ಚಚ್ಚಿಕೊಂಡ.

"ಯಾವಾಗ ನೋಡಿದ್ರಿ?"

"ಇವತ್ತು ಬೆಳಗ್ಗೆ. ಕಪ್ಪು ಹುಂಜ ಹೊತ್ಕೊಂಡು ಹೋಯ್ತು, ಮುಂಡೇದು. ಹೋದ ತಿಂಗಳು ಎರಡು ಹೇಂಟೆ ಹೋದ್ವು. ಗೂಡಿಗೆ ಕಲ್ಲು ಇಟ್ಟೆ, ಕಲ್ಲಿನ ಕೆಳಗೆ ಕೆರೆದು ಬಂತು. ನರಿಗಾದ್ರೆ ನೀವಿದೀರ, ನನ್ನ ಕೋಳಿಗೆ ಯಾರು ಹೇಳೋರು ಕೇಳೋರು?"

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಆರು ವರ್ಷದಿಂದ ನನ್ನ ಹಿತ್ತಲಲ್ಲಿ ಏನು ನಡೀತದೆ ಅಂತ ಒಬ್ಬರೂ ಕೇಳಿರಲಿಲ್ಲ. ಇವರು ಕೇಳಿದರು, ಬಾಯಿ ತೆರೀತು, ಮುಚ್ಚಲಿಲ್ಲ. ಕುಂಟು ನರಿ ಕಥೆ ಹೇಳಿದೆ. ಮರಿ ಹಾಕಿದಾಗ ಅವು ಹೊಂಗೆ ಬುಡದಲ್ಲಿ ಕಚ್ಚಾಡಿದ್ದು ಹೇಳಿದೆ. ಮುಂಗುಸಿ ನನ್ನ ಬಚ್ಚಲಲ್ಲಿ ನೀರು ಕುಡಿದದ್ದು, ಉಡ ಕಂಡು ನಾನು ತಂಬಿಗೆ ಎಸೆದದ್ದು, ತಂಬಿಗೆ ನೆಗ್ಗಿದ್ದು. ಯಾವುದಕ್ಕೂ ಸಂಬಂಧ ಇಲ್ಲದ ನನ್ನ ಮಂಡಿ ನೋವು ಹೇಳಿದೆ. ಮೇಡಂ ಎದ್ದು ಹೋಗಲಿಲ್ಲ, "ಆಮೇಲೆ?" ಅನ್ನೋರು. ಹಿಂದಿನಿಂದ ಆ ಮುದುಕ, "ಅಮ್ಮಣ್ಣಿ, ಸಾಕು ಬಿಡಮ್ಮಿ, ನರೀನೂ ಓಡೋಗ್ತವೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಳೋವಾಗ ಮೇಡಂ, "ಕೋಳಿ ವಿಷಯ ಇಲ್ಲಿ ಆಗಲ್ಲ ಅಜ್ಜಿ. ಆಫೀಸಿಗೆ ಬಂದು ಹೇಳಿ, ಯಾರನ್ನ ಕೇಳಬೇಕು ಅಂತ ನೋಡೋಣ" ಅಂದರು. ಸುಮ್ಮನೆ ಒಂದು ಮಾತಿಗೆ ಅಂದದ್ದು. ಅದು ನನಗೂ ಗೊತ್ತು.

ಹೊರಗೆ ಬಂದ ಮೇಲೆ ಭಾವನ ಮಗ ನನ್ನನ್ನ ಕಾರಿಗೆ ಹತ್ತಿಸಿಕೊಳ್ಳಲಿಲ್ಲ. ಕಿಟಕಿ ಇಳಿಸಿ ಬೈದ.

"ಜಾಸ್ತಿ ಮಾತಾಡ್ಬೇಡ ಅಂದಿದ್ನಾ ಇಲ್ವಾ?"

"ಏನು ಕೇಳಿದ್ರೂ ಹೂಂ ಅನ್ನು ಅಂತಾನೂ ನೀನೇ ಅಂದಿದ್ದು."

"ಅದು ರೋಡಿಗೆ ಕಣವ್ವ! ನರಿಗಲ್ಲ!"

"ಈಗ ರೂಮು?"

"ಯಾವ ರೂಮು? ಎಲ್ಲಿ ಕಟ್ಲಿ, ಆಕಾಶದಲ್ಲಾ? ಹಸಿರು ಬಳ್ದವ್ರೆ ನಿನ್ನ ತಲೆ ಮೇಲೆ. ಹೋಗು, ನರಿಗಳ ಜೊತೆ ಕಾರಿಡಾರಲ್ಲಿ ಕೂತ್ಕೊ." ಗಾಜು ಏರಿಸಿದ.

ನಾನು ನಡಕೊಂಡು ಬಂದೆ. ಅಳಲಿಲ್ಲ. ಆದರೆ ನಡೀತಾ ನಡೀತಾ ಆ ರೂಮಿನಲ್ಲಿ ಮಂಚ ಎಲ್ಲಿ ಹಾಕಬೇಕು ಅಂತ ಮಾಡಿಟ್ಟಿದ್ದ ಲೆಕ್ಕ ಒಂದೊಂದಾಗಿ ಬಿಡ್ತಾ ಬಂದೆ. ಬಾಗಿಲಿಗೆ ಎದುರಾಗಿ ಹಾಕೋದು ಅಂತ ಇತ್ತು, ಹೋಗೋರು ಬರೋರು ಕಾಣಲಿ ಅಂತ.

ಆಮೇಲೇನಾಯ್ತು ಅಂತ ಕೇಳಬಹುದು. ನಕ್ಷೆ ಗಟ್ಟಿ ಆಗೋಕೆ ತುಂಬ ದಿನ ಹಿಡೀತು. ಪಟ್ಟೆ ಉಳೀತು. ಮೇಲ್ಗಡೆ ಒಂದು ಶೆಡ್ಡಿಗೆ ಮುಂಚೆಯೇ ಲೈಸೆನ್ಸ್ ಆಗಿತ್ತು, ಅಲ್ಲಿ ಪಟ್ಟೆ ಸೊಟ್ಟಗಾಗಿದೆ, ನರಿಗಳೂ ಸೊಟ್ಟಗೆ ಸುತ್ತಿಕೊಂಡು ಬರ್ತವೆ. ಪಕ್ಕದ ಲೇಔಟಿನವರು ಕಾಂಪೌಂಡಿನ ಕೆಳಗೆ ಸಂದು ಬಿಟ್ಟರು. ಒಂದು ಸಲ ಅದಕ್ಕೆ ಜಾಲರಿ ಹೊಡೆದರು. ಆಫೀಸಿನವರು ಬಂದು ಕೀಳಿಸಿದರು. ರಸ್ತೆ ಅಗಲ ಮಾಡಿದಾಗ ಎತ್ತರದ ಮೋರಿ ಬಂತು. ಭಾವನ ಮಗ ಪಿ.ಜಿ.ಯನ್ನ ರಸ್ತೆ ಆ ಕಡೆ ಕಟ್ಟಿದ. ಅಲ್ಲಿ ಕೆಳಗಡೆ ಮೊದಲನೇ ರೂಮು ವಾಚ್‌ಮನ್‌ನದು. ಭಾವನ ಮಗ ಈಗ ನನ್ನ ಜೊತೆ ಮಾತಾಡ್ತಾನೆ, ಹಬ್ಬಕ್ಕೆ ಒಬ್ಬಟ್ಟು ಅವನೇ ತರ್ತಾನೆ. ನಾನು ಶೀಟಿನ ಮನೆಯಲ್ಲೇ ಇದೀನಿ. ಒಳ್ಳೇ ಕೆಲಸ ಮಾಡಿದೆ ಅಜ್ಜಿ ಅಂತ ಒಂದಿಬ್ಬರು ಹೇಳಿದಾರೆ. ನಾನು ಮಾಡಿದ್ದು ಮಾತು, ಕೆಲಸ ಅಲ್ಲ.

ಹೇಳಬೇಕಾದ್ದು ಆ ದಿನದ ಸಂಜೆ. ಗೋಡೆ ಮೇಲೆ ಡಬ್ಬಿ ಬರಲಿಲ್ಲ. "ಅತ್ತೇ" ಅನ್ನೋ ಕೂಗೂ ಇಲ್ಲ. ಮುದ್ದೆಗೆ ಉಪ್ಪು ಮೆಣಸಿನಕಾಯಿ ಅರೆದು ತಿಂದೆ. ದೀಪ ಹಚ್ಚೋ ಹೊತ್ತಿಗೆ ನರಿಗಳು ಬಂದವು. ಬಾಗಿಲಲ್ಲಿ ಕೂತು ನೋಡಿದೆ. ಅವಕ್ಕೆ ಏನು ಗೊತ್ತು? ಮುಂದಿನದು ಹೋಯ್ತು, ಅದರ ಹಿಂದಿನದು ಹೋಯ್ತು, ಕುಂಟು ನರಿ ಕಡೆಗೆ ಹೋಯ್ತು. ಒಂದೂ ನನ್ನ ಕಡೆ ತಿರುಗಿ ನೋಡಲಿಲ್ಲ. "ನನ್ನ ರೂಮು ತಿಂದ್ರಲ್ಲೋ" ಅಂದೆ. ಮೀಟಿಂಗಿನಲ್ಲಿ ಅಷ್ಟು ಮಾತಾಡಿದ್ದಕ್ಕೋ ಏನೋ, ಗಂಟಲು ಕಟ್ಟಿರಲಿಲ್ಲ. ಮಾತು ಸಲೀಸಾಗಿ ಬಂತು. ಕೇಳೋರು ಮಾತ್ರ ಯಾರೂ ಇರಲಿಲ್ಲ. ರಾತ್ರಿಯೆಲ್ಲ ಮೇಡಂ ಮೊಣಕಾಲು ತಾಗಿದ್ದೇ ನೆನಪು.

ಮಾರನೇ ದಿನ ಬೆಳಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟೆ. ಗೂಡಿನ ಮುಂದೆ ಬಿದ್ದಿದ್ದ ಕಪ್ಪು ಹುಂಜದ ಪುಕ್ಕ ಆಯ್ದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಪ್ಲಾನ್ ಆಫೀಸಿನಲ್ಲಿ ಮೇಡಂ ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿದ್ದವನು, "ಕಾರಿಡಾರಲ್ಲಿ ಕೂತ್ಕೊಳ್ಳಿ ಅಜ್ಜಿ, ಹೊತ್ತಾಗುತ್ತೆ" ಅಂದ.

"ಆಗ್ಲಿ ಬಿಡಪ್ಪ" ಅಂದೆ.

ಉದ್ದಕ್ಕೆ ಬೆಂಚು, ಬೆಂಚಿನ ತುಂಬ ಜನ. ಒಬ್ಬಳು ನನ್ನ ಮುಖ ನೋಡಿ ಜರುಗಿ ಜಾಗ ಬಿಟ್ಟಳು. ಕೂತೆ. ಕವರು ತೊಡೆ ಮೇಲಿಟ್ಟುಕೊಂಡು ಅವಳ ಕಡೆ ತಿರುಗಿ, "ನಿಮ್ಮದೇನಮ್ಮ ಕೆಲಸ?" ಅಂತ ಕೇಳಿದೆ.